ಸೋನಿಕ್ ಪೈ ಮತ್ತು ಅಜ್ಜನ ಭಾಮಿನಿ: ಒಂದು ವರ್ಷ ಬಳಸಿದ ಮೇಲೆ

ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ದೀಪಚಂದಿ ತಾಳದ ಒಂದು ಆವರ್ತನಕ್ಕೆ 14 ಮಾತ್ರೆ. ಭಾಗಿಸಿ ನೋಡಿ, 7 ಸಲ ಹೋಗಿ 4 ಉಳಿಯುತ್ತದೆ. ಆ ಉಳಿದ 4 ಮಾತ್ರೆ ಒಂದು ವರ್ಷ ನನ್ನ ಬೆನ್ನು ಬಿಡಲಿಲ್ಲ. ಅದನ್ನು ಕಿವಿಗೆ ಕೇಳಿಸುವಂತೆ ಮಾಡಿದ್ದು ಸೋನಿಕ್ ಪೈ ಅನ್ನೋ, ಕೋಡ್ ಬರೆದು ಸಂಗೀತ ನುಡಿಸುವ ಸಾಫ್ಟ್‌ವೇರ್. ವರ್ಷಪೂರ್ತಿ ಬಳಸಿದ್ದೇನೆ. ಇನ್ನು ಅದರ ಬಗ್ಗೆ ಬರೆಯಬಹುದು ಅನ್ನಿಸಿದೆ.

ನಾನು ಗದಗಿಗೆ ಅಂಟಿಕೊಂಡ ಬೆಟಗೇರಿಯವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಜ್ಜ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಶ್ರಾವಣ ಬಂತೆಂದರೆ ಸಂಜೆ ಮಗ್ಗ ನಿಲ್ಲಿಸಿ, ಕೈಕಾಲು ತೊಳೆದು, ಕುಮಾರವ್ಯಾಸನ ಭಾರತ ಓದುತ್ತಿದ್ದರು. ಓದುವುದು ಅಂದರೆ ಹಾಡುವುದೇ. ಕೋಳಿವಾಡದ ನಾರಣಪ್ಪ ನಮ್ಮೂರ ವೀರನಾರಾಯಣನ ಗುಡಿಯ ಕಂಬದ ಹತ್ತಿರ ಕೂತು ಅದನ್ನು ಬರೆದ ಅನ್ನೋದು ಗದಗಿನ ಮನೆಮನೆಯ ಮಾತು. ಇಡೀ ಕಾವ್ಯ ಭಾಮಿನಿಯಲ್ಲೇ ಇದೆ. ಹಾಗಾಗಿ 3-4-3-4 ಅನ್ನೋ ನಡೆ ನನಗೆ ಮಗ್ಗಿ ಕಲಿಯುವ ಮೊದಲೇ ಗೊತ್ತಿತ್ತು. ಆಮೇಲೆ ಆರು ವರ್ಷ ತಬಲಾ ಕಲಿತೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗುರುಗಳೊಬ್ಬರು ನಮ್ಮ ಓಣಿಯಲ್ಲೇ ಪಾಠ ಹೇಳುತ್ತಿದ್ದರು. ಅವರು ದೀಪಚಂದಿ ಹೇಳಿಕೊಟ್ಟ ದಿನ ನನಗೆ ಹೊಸದೇನೂ ಅನ್ನಿಸಲಿಲ್ಲ. ಧಾ ಧಿಂ ಽ, ಧಾ ಧಾ ತಿಂ ಽ, ತಾ ತಿಂ ಽ, ಧಾ ಧಾ ಧಿಂ ಽ. ಮೂರು, ನಾಲ್ಕು, ಮೂರು, ನಾಲ್ಕು. ಅಜ್ಜನ ಸಾಲು ಇದೇ ಅಲ್ವಾ ಅಂದುಕೊಂಡೆ. ಆ ವಯಸ್ಸಿನಲ್ಲಿ ಅಷ್ಟಕ್ಕೇ ಬಿಟ್ಟೆ.

ಈಗ ಸಾಫ್ಟ್‌ವೇರಿಗೆ ಬರುತ್ತೇನೆ. ಸೋನಿಕ್ ಪೈ ಅನ್ನು 2012ರಲ್ಲಿ ಶುರು ಮಾಡಿದವರು ಸ್ಯಾಮ್ ಆರನ್. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ, ರಾಸ್ಪ್‌ಬೆರಿ ಪೈ ಅನ್ನೋ ಚಿಕ್ಕ ಅಗ್ಗದ ಕಂಪ್ಯೂಟರಿಗಾಗಿ, ಶಾಲೆ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಮಾಡಿದ್ದು. ಈಗ ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ದುಡ್ಡು ಕೊಡುವ ಹಾಗಿಲ್ಲ. ಒಳಗಿನ ಕೋಡ್ ಕೂಡ ಯಾರು ಬೇಕಾದರೂ ತೆಗೆದು ನೋಡಬಹುದು. ಮೊಬೈಲಿನಲ್ಲಿ ಮಾತ್ರ ಓಡುವುದಿಲ್ಲ, ಕಂಪ್ಯೂಟರ್ ಬೇಕೇ ಬೇಕು. ನಾನು ಹುಬ್ಬಳ್ಳಿಗೆ ಹೋಗಿ 14 ಸಾವಿರ ರೂಪಾಯಿಗೆ ಒಂದು ಹಳೇ ಲ್ಯಾಪ್‌ಟಾಪ್ ತಂದೆ. 4 ಜಿಬಿ ರ‍್ಯಾಮ್ ಇದ್ದದ್ದು. ಅದರಲ್ಲಿ ಇಲ್ಲಿ ಹೇಳುವ ಎಲ್ಲವೂ ನಡೆದಿದೆ. ಹತ್ತಿಪ್ಪತ್ತು ಸ್ವರ ಒಟ್ಟಿಗೆ, ಮೇಲೆ ದನಿ ಮೊಳಗಿಸುವ ಗುಂಗು (ರಿವರ್ಬ್) ಬೇರೆ ಹಾಕಿದಾಗ ದನಿ ಒಡೆಯುತ್ತದೆ, ಅಷ್ಟೇ. ಲ್ಯಾಪ್‌ಟಾಪಿನ ಸ್ಪೀಕರ್ ನಂಬಬೇಡಿ. ಅದರಲ್ಲಿ ಡಗ್ಗಾದ, ಅಂದರೆ ತಬಲಾ ಜೋಡಿಯ ಎಡಗೈ ವಾದ್ಯದ, ದನಿಯೇ ಬರುವುದಿಲ್ಲ. ಒಂದು ಹೆಡ್‌ಫೋನ್ ಇಟ್ಟುಕೊಳ್ಳಿ.

ತೆರೆದರೆ ಒಂದು ಖಾಲಿ ಹಾಳೆ ಕಾಣುತ್ತದೆ. ಅದರಲ್ಲಿ ಬರೆಯಬೇಕು, ರನ್ ಒತ್ತಬೇಕು, ದನಿ ಬರುತ್ತದೆ. "ಪ್ಲೇ 60" ಅಂದರೆ ಒಂದು ಸ್ವರ. "ಸ್ಲೀಪ್ 1" ಅಂದರೆ ಒಂದು ಮಾತ್ರೆ ಕಾಯಿ. ಈ ಎರಡೇ ಮಾತಿನಲ್ಲಿ ಒಂದು ವಾರ ಕಳೆಯಬಹುದು. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಓದಲು ಸುಲಭವಾಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಬರೆಯುವ ಭಾಷೆ ರೂಬಿ ಅನ್ನೋದರ ಮೇಲೆ ನಿಂತಿದೆ. ದನಿ ಹುಟ್ಟಿಸುವ ಯಂತ್ರ ಸೂಪರ್‌ಕೊಲೈಡರ್. ಅದು ಜೇಮ್ಸ್ ಮ್ಯಾಕ್‌ಕಾರ್ಟ್ನಿ 1996ರಲ್ಲಿ ಹೊರತಂದ ದೊಡ್ಡ ಸಾಫ್ಟ್‌ವೇರ್. ಇದೆಲ್ಲ ಗೊತ್ತಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು "ಲೈವ್ ಲೂಪ್". ಒಂದು ತುಣುಕು ಬರೆದು ಲೂಪಿನೊಳಗೆ ಇಟ್ಟರೆ ಅದು ಸುತ್ತುತ್ತಲೇ ಇರುತ್ತದೆ. ಸುತ್ತುತ್ತಿರುವಾಗಲೇ ನೀವು ಒಳಗಿನ ಅಂಕಿ ಬದಲಿಸಬಹುದು. ಮತ್ತೆ ರನ್ ಒತ್ತಿದರೆ ಮುಂದಿನ ಸುತ್ತಿನಿಂದ ಹೊಸದು ಕೇಳಿಸುತ್ತದೆ. ನಿಲ್ಲಿಸುವುದು, ಮತ್ತೆ ಶುರು ಮಾಡುವುದು ಯಾವುದೂ ಇಲ್ಲ. ಗುರುಗಳು ನುಡಿಸುತ್ತಿರುವಾಗಲೇ ತಪ್ಪು ತಿದ್ದುತ್ತಿದ್ದರಲ್ಲ, ಹಾಗೆ. ಇಂಥ ಎಷ್ಟು ಲೂಪ್ ಬೇಕಾದರೂ ಒಟ್ಟಿಗೆ ಓಡಿಸಬಹುದು. ಲೂಪಿನೊಳಗೆ ಸ್ಲೀಪ್ ಬರೆಯುವುದು ಮರೆತರೆ ಮಾತ್ರ, ಕಾಯುವುದನ್ನು ಬರೆದಿಲ್ಲ ಅಂತ ತಪ್ಪು ತೋರಿಸಿ ನಿಂತುಬಿಡುತ್ತದೆ. ಮೊದಲ ತಿಂಗಳು ನನಗೆ ದಿನಾ ಆಗುತ್ತಿದ್ದದ್ದು ಇದೇ.

ಮೊದಲು ತಾಳ ಹಾಕಿದೆ. ಸೋನಿಕ್ ಪೈ ಜೊತೆಗೇ ತಬಲಾ ಪೆಟ್ಟುಗಳು ಬರುತ್ತವೆ. ನಾ, ಕೆ, ಘೆ, ತೆ, ತುನ್, ಹೀಗೆ ಬಿಡಿಬಿಡಿ ಬೋಲುಗಳು. ಘೆ ಒಂದರಲ್ಲೇ ಎಂಟು ಬಗೆ. ಎಲ್ಲೋ ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿ ಮಾಡಿದ ಸಾಫ್ಟ್‌ವೇರಿನಲ್ಲಿ ಇವು ಕಂಡಾಗ ನಿಜವಾಗಿ ಖುಷಿಯಾಯಿತು. ಧಾ ಬೇಕಾದರೆ ನಾ ಮತ್ತು ಘೆ ಎರಡನ್ನೂ ನಡುವೆ ಸ್ಲೀಪ್ ಇಲ್ಲದೆ ಒಂದರ ಕೆಳಗೊಂದು ಬರೆಯಬೇಕು. ಎರಡೂ ಒಂದೇ ಹೊತ್ತಿಗೆ ಬೀಳುತ್ತವೆ. ದನಿ ಚೆನ್ನಾಗಿದೆ. ಶ್ರುತಿಗೆ ತಕ್ಕ ಹಾಗೆ ಏರಿಸಿ ಇಳಿಸಲೂ ಬರುತ್ತದೆ. ಆದರೆ ಡಗ್ಗಾದ ಮೇಲೆ ಅಂಗೈ ಒತ್ತಿ ದನಿ ಜಾರಿಸುವುದಿದೆಯಲ್ಲ, ಅದು ಇಲ್ಲ. ಘೆ ಅಂದರೆ ಪ್ರತಿ ಸಲ ಅದೇ ಘೆ. ತಬಲಾ ಕಲಿತವರಿಗೆ ಎರಡು ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಬಲ ಸ್ವಲ್ಪ ಹೆಚ್ಚು ಕಡಿಮೆ ಮಾಡಿ, ಎಂಟು ಘೆಗಳಲ್ಲಿ ಒಂದನ್ನು ಪ್ರತಿ ಸಲ ಬದಲಿಸಿ, ನಾನು ಒಂದಿಷ್ಟು ಜೀವ ತಂದೆ.

ದೀಪಚಂದಿ ಹಾಕುವಾಗ ಒಂದು ವಿಚಾರ ಗೊತ್ತಾಯಿತು. ಸೋನಿಕ್ ಪೈಯಲ್ಲಿ "ಸ್ಪ್ರೆಡ್" ಅಂತ ಒಂದು ಆಜ್ಞೆ ಇದೆ. ಇಷ್ಟು ಪೆಟ್ಟನ್ನು ಇಷ್ಟು ಮಾತ್ರೆಗೆ ಆದಷ್ಟು ಸಮವಾಗಿ ಹಂಚು ಅನ್ನೋದು ಅದರ ಕೆಲಸ. ಮೂರು ಪೆಟ್ಟು, ಎಂಟು ಮಾತ್ರೆ ಕೊಟ್ಟರೆ 3-3-2 ಬರುತ್ತದೆ. ಇದರ ಹಿಂದಿನ ಲೆಕ್ಕ ನ್ಯೂಟ್ರಾನ್ ಯಂತ್ರದ ಟೈಮಿಂಗ್‌ಗಾಗಿ ಬ್ಯೋರ್ಕ್‌ಲುಂಡ್ ಅನ್ನುವವರು ಮಾಡಿಟ್ಟದ್ದು. 2005ರಲ್ಲಿ ಗಾಡ್‌ಫ್ರೀಡ್ ತೂಸೆಂ ಅನ್ನೋ ಕಂಪ್ಯೂಟರ್ ವಿಜ್ಞಾನಿ, ಇದರ ಬುಡದಲ್ಲಿ ಇರುವುದು ನಾವು ಮಸಾಅ ಕಂಡುಹಿಡಿಯಲು ಬಳಸುವ ಯೂಕ್ಲಿಡನ ದಾರಿಯೇ, ಮತ್ತು ಜಗತ್ತಿನ ಎಷ್ಟೋ ತಾಳಗಳು ಇದರಿಂದ ಹುಟ್ಟುತ್ತವೆ ಅಂತ ತೋರಿಸಿದರು. ನಾನು 4 ಪೆಟ್ಟು, 14 ಮಾತ್ರೆ ಕೊಟ್ಟೆ. 14ನ್ನು 4ರಿಂದ ಭಾಗಿಸಿದರೆ ಮೂರೂವರೆ. ಅರ್ಧ ಮಾತ್ರೆ ಕೊಡುವ ಹಾಗಿಲ್ಲ. ಹಾಗಾಗಿ ಒಮ್ಮೆ ಮೂರು, ಒಮ್ಮೆ ನಾಲ್ಕು. ಎಣಿಕೆ ಎಲ್ಲಿಂದ ಶುರು ಅನ್ನೋದನ್ನು "ರೊಟೇಟ್" ಅಂತ ಬರೆದು ಸರಿಸಿಕೊಂಡರೆ 3-4-3-4. ದೀಪಚಂದಿಯೂ ಅದೇ, ಭಾಮಿನಿಯ ಸಾಲೂ ಅದೇ. ಹದಿನಾಲ್ಕನ್ನು ನಾಲ್ಕು ಜನರಿಗೆ ಹಂಚಲು ಇದಕ್ಕಿಂತ ಸಮನಾದ ದಾರಿ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಅಷ್ಟಕ್ಕೇ ಬಿಟ್ಟ ಮಾತಿಗೆ ಆವತ್ತು ರಾತ್ರಿ ಕಾರಣ ಸಿಕ್ಕಿತು.

ಮರುದಿನ ಇಡೀ ಪದ್ಯ ಹಾಕಿದೆ. ಭಾಮಿನಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆರು ಸಾಲು. 1, 2, 4, 5ನೇ ಸಾಲು 3-4-3-4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲು ಉದ್ದ. 3-4-3-4-3-4, ಆಮೇಲೆ ಒಂದು ಗುರು. ಗುರುವಿಗೆ 2 ಮಾತ್ರೆ, ಒಟ್ಟು 23. ನಾಲ್ಕು ಹದಿನಾಲ್ಕು 56, ಎರಡು ಇಪ್ಪತ್ತಮೂರು 46. ಕೂಡಿದರೆ 102.

ಪದ್ಯ ಅಂದರೆ ಇಲ್ಲಿ ಮಾತಿಲ್ಲ, ಬರೀ ಲಘು ಗುರು. ಲಘುವಿಗೆ ಒಂದು ಮಾತ್ರೆಯ ನಾ, ಗುರುವಿಗೆ ಎರಡು ಮಾತ್ರೆಯ ಘೆ. ಮೂರು ಮಾತ್ರೆಯನ್ನು ಲಘು ಗುರುಗಳಿಂದ ತುಂಬಲು 3 ದಾರಿ, ನಾಲ್ಕು ಮಾತ್ರೆಗೆ 5 ದಾರಿ, ಐದಕ್ಕೆ 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಇದನ್ನು ಫಿಬೊನಾಚಿ ಸರಣಿ ಅಂತ ಪುಸ್ತಕದಲ್ಲಿ ಓದುತ್ತೇವೆ. ಅವನ ಪುಸ್ತಕ 1202ರದ್ದು. ಅದಕ್ಕಿಂತ ಮೊದಲೇ ವಿರಹಾಂಕ, ಆಮೇಲೆ ಹೇಮಚಂದ್ರ, ಛಂದಸ್ಸಿನ ಲೆಕ್ಕಕ್ಕಾಗಿಯೇ ಇದನ್ನು ಹೇಳಿಟ್ಟಿದ್ದರು. ನಾನು ತರಗತಿಯಲ್ಲಿ ಇದನ್ನು ಪ್ರತಿ ವರ್ಷ ಹೇಳುತ್ತೇನೆ, ಯಾಕಂದರೆ ಗಣಿತ ಹಾಡಿನಿಂದಲೂ ಹುಟ್ಟುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಷಟ್ಪದಿಯಲ್ಲಿ ಗಣದ ಮೊದಲಿಗೆ ಲಘು, ಅದರ ಹಿಂದೆಯೇ ಗುರು ಬರುವುದನ್ನು ಒಲ್ಲೆ ಅನ್ನುತ್ತಾರೆ. ಅವನ್ನು ತೆಗೆದರೆ ಮೂರಕ್ಕೆ 2 ದಾರಿ, ನಾಲ್ಕಕ್ಕೆ 4 ದಾರಿ ಉಳಿಯುತ್ತವೆ. ಒಂದು ಮೂರು ನಾಲ್ಕರ ಜೋಡಿಗೆ 8. ಇಡೀ ಪದ್ಯದಲ್ಲಿ ಇಂಥ 14 ಜೋಡಿ. ಅಂದರೆ ಎಂಟನ್ನು ಹದಿನಾಲ್ಕು ಸಲ ಗುಣಿಸಬೇಕು. 4 ಲಕ್ಷ 39 ಸಾವಿರ ಕೋಟಿಗಿಂತ ಜಾಸ್ತಿ ಬರುತ್ತದೆ. ಒಂದೇ ಅಚ್ಚಿನೊಳಗೆ ಅಷ್ಟು ಬೇರೆ ಬೇರೆ ನಡೆ! ಕುಮಾರವ್ಯಾಸ ಸಾವಿರಾರು ಪದ್ಯ ಬರೆದರೂ ಬೇಸರ ಬಾರದ ಗುಟ್ಟಿನಲ್ಲಿ ಇದಕ್ಕೂ ಒಂದು ಪಾಲಿದೆ ಅಂತ ನಾನು ನಂಬಿದ್ದೇನೆ.

ಯಾವ ದಾರಿ ಹಿಡಿಯಬೇಕು ಅನ್ನೋದನ್ನು ನಾನು ಸೋನಿಕ್ ಪೈಗೇ ಬಿಟ್ಟೆ. "ಚೂಸ್" ಅಂದರೆ ಅದು ಆರಿಸುತ್ತದೆ. ಇಲ್ಲಿ ಒಂದು ಒಳ್ಳೆ ಗುಣ ಹೇಳಲೇಬೇಕು. ಇದರ ಆಯ್ಕೆ ಕಂಡಾಪಟ್ಟೆ ಅಲ್ಲ. ಒಂದು ಬೀಜಸಂಖ್ಯೆ ಕೊಟ್ಟರೆ ಪ್ರತಿ ಸಲ ಅದೇ ಆಯ್ಕೆ, ಅದೇ ಕ್ರಮ. ನಾನು ಅಜ್ಜ ಹುಟ್ಟಿದ ವರ್ಷ 1934 ಕೊಟ್ಟಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಇವತ್ತು ಕೇಳಿದ ಪದ್ಯ ನಾಳೆಯೂ ಅದೇ. ಸಂಖ್ಯೆ ಬದಲಿಸಿದರೆ ಬೇರೆ ಪದ್ಯ. ಕೆಲವು ಬೀಜ ಸಪ್ಪೆ, ಬರೀ ಲಘುವಿನ ಮಳೆ. ಕೆಲವು ಎಷ್ಟು ಚೆಂದ ಅಂದರೆ ಯಾರೋ ಯೋಚಿಸಿ ಬರೆದ ಹಾಗಿರುತ್ತವೆ. ಆರಿಸುವ ಕೆಲಸ ಕೊನೆಗೆ ನನ್ನ ಕಿವಿಯದ್ದೇ. ಹೀಗೆ ಲೆಕ್ಕಕ್ಕೆ ಸಂಗೀತ ಬಿಡುವುದು ಹಳೆಯ ಪ್ರಯೋಗ. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ 17 ಸೆಕೆಂಡಿನ ತುಣುಕು ನುಡಿಸಿದರು. ಆಗಿನ ಕಾಲದಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಲೆಜಾರೆನ್ ಹಿಲ್ಲರ್ ಮತ್ತು ಲೆನಾರ್ಡ್ ಐಸಾಕ್ಸನ್ ಸ್ವರ ಆರಿಸುವ ಕೆಲಸವನ್ನು ಯಂತ್ರಕ್ಕೆ ಕೊಟ್ಟು ನೋಡಿದರು. ಸಂಗೀತ ರಚನೆಕಾರ ಯಾನಿಸ್ ಕ್ಸೆನಾಕಿಸ್ ಸಂಭವನೀಯತೆಯ ಸೂತ್ರ ಹಿಡಿದೇ ವಾದ್ಯವೃಂದಕ್ಕೆ ಬರೆದರು. ಆಗೆಲ್ಲ ಕಂಪ್ಯೂಟರ್ ಅಂದರೆ ಕೋಣೆ ತುಂಬುವ ಯಂತ್ರ. ನನಗೆ ಅಡುಗೆಮನೆಯ ಮೇಜು ಸಾಕಾಯಿತು.

ಮಾತ್ರೆಗೆ ಅರ್ಧ ಸೆಕೆಂಡ್ ಇಟ್ಟು ಒಂದು ಲೂಪಿನಲ್ಲಿ ದೀಪಚಂದಿ, ಇನ್ನೊಂದರಲ್ಲಿ ಭಾಮಿನಿ ಬಿಟ್ಟೆ. ಎರಡು ಸಾಲು ಕೈಗೆ ಕೈ ಕೂಡಿದ ಹಾಗೆ ಹೋದವು. ಮೂರನೇ ಸಾಲಿನ ಕೊನೆಗೆ ಜಾರಿತು. ಅರ್ಧ ಪದ್ಯಕ್ಕೆ 51 ಮಾತ್ರೆ, ಅಂದರೆ ನಾಲ್ಕನೇ ಸಾಲು ತಾಳದ ಹತ್ತನೇ ಮಾತ್ರೆಯಲ್ಲಿ ಶುರುವಾಗುತ್ತದೆ. ಎರಡನೇ ಪದ್ಯ ಐದನೇ ಮಾತ್ರೆಯಲ್ಲಿ. ಮೂರನೆಯದು ಒಂಬತ್ತರಲ್ಲಿ. ಆಮೇಲೆ 13, 3, 7, 11. ಏಳು ಪದ್ಯ ಮುಗಿದು ಎಂಟನೆಯದು ಮತ್ತೆ ಸಮದ ಮೇಲೆ, ಅಂದರೆ ತಾಳದ ಮೊದಲ ಮಾತ್ರೆಯ ಮೇಲೆ, ಬಂದು ಬಿತ್ತು. 102 ಮತ್ತು 14ರ ಲಸಾಅ 714. ಏಳು ಪದ್ಯ, 51 ಆವರ್ತನ, 5 ನಿಮಿಷ 57 ಸೆಕೆಂಡ್. ಕಾಗದದ ಮೇಲೆ ಅರ್ಧ ನಿಮಿಷದ ಲೆಕ್ಕ. ಕಿವಿಯಲ್ಲಿ ಕೇಳುವಾಗ, ಐದೂವರೆ ನಿಮಿಷ ಒಂದಕ್ಕೊಂದು ಸೇರದೆ ಅಲೆದು ಕೊನೆಗೆ ಒಟ್ಟಿಗೆ ಆ ಧಾ ಬಿದ್ದಾಗ ಮೈ ಜುಮ್ಮೆಂದಿತು.

ಅವ್ವನಿಗೆ ಹಿಡಿಸಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು. "ಇದೇನವ್ವಾ, ಪದ್ಯ ಒಂದ್ ಕಡೆ, ತಾಳ ಒಂದ್ ಕಡೆ ಹೊಂಟೈತಿ. ನಿಮ್ಮಜ್ಜ ಹಿಂಗ್ ಹಾಡತಿರಲಿಲ್ಲ" ಅಂದಳು.

ಆ ಮಾತು ಹಿಡಿದುಕೊಂಡು ಅವ್ವನ ಹಳೇ ಫೋನಿನ ಮೆಮೊರಿ ಕಾರ್ಡ್ ಹುಡುಕಿದೆ. ಅಜ್ಜ ಹಾಡಿದ್ದು ಹನ್ನೊಂದು ಪದ್ಯ ಅದರಲ್ಲಿದ್ದವು. ಹಿಂದೆ ಕೋಳಿ ಕೂಗುತ್ತದೆ, ಯಾರೋ ಕೊಡ ಇಡುತ್ತಾರೆ. ತೊಡೆ ಮೇಲೆ ತಾಳ ಹಾಕುತ್ತ ಎಣಿಸಿದೆ. ಚಿಕ್ಕ ಸಾಲು ಹದಿನಾಲ್ಕೇ. ಉದ್ದ ಸಾಲಿನ ಕೊನೆಯ ಗುರುವನ್ನು ಅಜ್ಜ ಎರಡು ಮಾತ್ರೆಗೆ ಬಿಡುವುದಿಲ್ಲ. ಸುಮಾರು ನಾಲ್ಕು ಮಾತ್ರೆ ಎಳೆಯುತ್ತಾರೆ. ಆಮೇಲೆ ಉಸಿರು. ಎಳೆದದ್ದು, ಉಸಿರು ಎರಡೂ ಸೇರಿ ಏಳು. ಹನ್ನೊಂದು ಪದ್ಯ, ಇಪ್ಪತ್ತೆರಡು ಉದ್ದ ಸಾಲು. ಎಲ್ಲ ಎಣಿಸಿದೆ. ಹತ್ತೊಂಬತ್ತರಲ್ಲಿ ಏಳೇ ಬಂತು.

21ಕ್ಕೆ 7 ಕೂಡಿದರೆ 28. ಎರಡು ಆವರ್ತನ. ಅರ್ಧ ಪದ್ಯಕ್ಕೆ 56, ಇಡೀ ಪದ್ಯಕ್ಕೆ 112. ಹದಿನಾಲ್ಕೆಂಟ್ಲೆ ನೂರಾ ಹನ್ನೆರಡು. ಅಜ್ಜನ ಹೆಚ್ಚಿನ ಪದ್ಯಗಳು ಸಮದ ಮೇಲೆ ಶುರುವಾಗಿ ಸಮಕ್ಕೇ ಬಂದು ನಿಲ್ಲುತ್ತವೆ. ಅಜ್ಜ ನಾಲ್ಕನೇ ಇಯತ್ತೆ ಓದಿದವರು. ತಾಳ ಕಲಿತವರಲ್ಲ. ಅವರ ಉಸಿರಿಗೆ ಈ ಲೆಕ್ಕ ಗೊತ್ತಿತ್ತು. ಪುಸ್ತಕದ 102 ಹಿಡಿದು ಯಂತ್ರ ತಪ್ಪಿಲ್ಲದೆ ಎಣಿಸಿದ್ದರಿಂದಲೇ ಅಜ್ಜ ಏನು ಸೇರಿಸುತ್ತಿದ್ದರು ಅನ್ನೋದು ನನಗೆ ಕಂಡಿತು. ಈ ಸಾಫ್ಟ್‌ವೇರಿನಿಂದ ನನಗೆ ಸಿಕ್ಕ ದೊಡ್ಡ ಉಪಕಾರ ಇದು.

ಇನ್ನು ಸ್ವರದ ವಿಚಾರ. ಇಲ್ಲಿ ನನಗೆ ತಕರಾರಿದೆ. ಸುಮ್ನೆ "ಪ್ಲೇ 64" ಅಂದರೆ ಬರುವ ಗಂಧಾರ ಪಿಯಾನೋದ್ದು, ಷಡ್ಜದಿಂದ 400 ಸೆಂಟ್ ಮೇಲೆ. (ಪಿಯಾನೋದ ಪಕ್ಕಪಕ್ಕದ ಎರಡು ಸ್ವರದ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್.) ತಂಬೂರಿಯ ಗಂಧಾರ 5/4ರ ಅನುಪಾತದ್ದು, ಸುಮಾರು 386 ಸೆಂಟ್. ಹದಿನಾಲ್ಕು ಸೆಂಟ್ ಫರಕು. ಪಂಚಮದಲ್ಲಿ ಎರಡೇ ಸೆಂಟ್, ಅದು ನಡೆಯುತ್ತದೆ. ನಮ್ಮ ಗುರುಗಳಿಗೆ ಈಗ 70 ದಾಟಿದೆ. ಹೆಡ್‌ಫೋನ್ ಹಾಕಿ ಕೇಳಿಸಿದೆ. ಮೂರನೇ ಸ್ವರಕ್ಕೇ ಕೈ ಎತ್ತಿದರು. "ಗಂಧಾರ ಏರೈತಿ, ತಂಗಿ" ಅಂದರು. ಇದಕ್ಕೆ ಪರಿಹಾರ ಒಳಗೇ ಇದೆ. ಸ್ವರಕ್ಕೆ ದಶಮಾಂಶ ಕೊಡಬಹುದು. 64ರ ಬದಲು 63.86 ಬರೆದೆ. "ಯೂಸ್ ಟ್ಯೂನಿಂಗ್" ಅನ್ನೋ ಆಜ್ಞೆಯಿಂದ ಎಲ್ಲ ಸ್ವರವನ್ನೂ ಒಟ್ಟಿಗೆ ಅನುಪಾತಕ್ಕೆ ತರಲೂ ಬರುತ್ತದೆ. ನಾನು ಮಾತ್ರ ನನ್ನ ಏಳು ಅನುಪಾತ ಕೈಯಿಂದಲೇ ಬರೆದಿಟ್ಟುಕೊಂಡಿದ್ದೇನೆ. ಮರುವಾರ ಮತ್ತೆ ಕೇಳಿಸಿದೆ. ಗುರುಗಳು ಏನೂ ಅನ್ನಲಿಲ್ಲ, ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಭೀಮಸೇನ ಜೋಶಿಯವರ ಸೀಮೆ ಇದು. ಇಲ್ಲಿ ಸ್ವರ ತಪ್ಪಿದರೆ ಯಾರೂ ಬಿಡುವುದಿಲ್ಲ.

ಸ್ಕೇಲುಗಳ ಪಟ್ಟಿಯಲ್ಲಿ ಭೈರವ, ತೋಡಿ, ಪೂರ್ವಿ, ಮಾರ್ವಾ ಅಂತ ಹೆಸರಿವೆ. ನೋಡಿ ಆಸೆಪಡಬೇಡಿ. ಅಲ್ಲಿರುವುದು ಏಳು ಸ್ವರದ ಸಾಲು, ಅಂದರೆ ಥಾಟ್ ಅಷ್ಟೇ. ಯಾವ ಸ್ವರದ ಮೇಲೆ ನಿಲ್ಲಬೇಕು, ಎಲ್ಲಿ ಬಳಸಿ ಬರಬೇಕು, ಯಾವುದನ್ನು ಮುಟ್ಟಿ ಬಿಡಬೇಕು, ಯಾವುದೂ ಅದಕ್ಕೆ ಗೊತ್ತಿಲ್ಲ. ತೋಡಿ ಕೊಟ್ಟು ಚೂಸ್ ಅಂದರೆ ತೋಡಿ ಬರುವುದಿಲ್ಲ. ಮೀಂಡ್ ಎಳೆಯಲು ಬರುತ್ತದೆ, ಒಂದು ಸ್ವರ ಹಚ್ಚಿ ಅದನ್ನೇ ಇನ್ನೊಂದಕ್ಕೆ ಜಾರಿಸಬಹುದು. ಆದರೆ ತಾನಾಗಿ ಜಾರುವುದು ಗೆರೆ ಎಳೆದ ಹಾಗೆ ಒಂದೇ ಸಮ, ಬಾಗಿಸಲು ಕೆಲವು ಸಿದ್ಧ ಆಕಾರಗಳಿವೆ ಅಷ್ಟೇ. ಧಾರವಾಡ ಸೀಮೆಯ ಹಾಡು ಕೇಳಿ ಬೆಳೆದವರಿಗೆ ಇದು ಸಾಕಾಗುವುದಿಲ್ಲ. ನಾನು ರಾಗ ಮಾಡುವ ಆಸೆ ಬಿಟ್ಟು, ಬರೀ ಸಾ, ಗ, ಪ ಮೂರೇ ಸ್ವರ ಇಟ್ಟುಕೊಂಡೆ. ಕೆಲಸ ಹಸನಾಯಿತು.

ತಂಬೂರಿಗೆ "ಪ್ಲಕ್" ಅನ್ನೋ ದನಿ ಬಳಸಿದೆ. ಇದರ ಹಿಂದೆ 1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಪ್ರಕಟಿಸಿದ ಒಂದು ಸರಳ ಉಪಾಯ ಇದೆ. ಒಂದು ಸಾಲು ಅಡ್ಡಾದಿಡ್ಡಿ ಸಂಖ್ಯೆ ತೆಗೆದುಕೊಳ್ಳಿ. ಪಕ್ಕಪಕ್ಕದ ಎರಡರ ಸರಾಸರಿ ಹಾಕುತ್ತ ಅದನ್ನೇ ಮತ್ತೆ ಮತ್ತೆ ಸುತ್ತಿಸಿ. ಸಾಲಿನ ಉದ್ದ ಶ್ರುತಿ ಕೊಡುತ್ತದೆ, ಸರಾಸರಿ ದನಿಯನ್ನು ಮೆಲ್ಲಗೆ ಅಡಗಿಸುತ್ತದೆ. ಮೀಟಿದ ತಂತಿಯೇ ಕೇಳಿಸುತ್ತದೆ! ಎಂಟನೇ ತರಗತಿಯ ಸರಾಸರಿ ಲೆಕ್ಕದಿಂದ ತಂತಿ. ಜವಾರಿಯ, ಅಂದರೆ ತಂಬೂರಿಯ ಸೇತುವೆಗೆ ತಂತಿ ತಗುಲಿ ಬರುವ, ಝೇಂಕಾರ ಮಾತ್ರ ಬರಲಿಲ್ಲ. ಮಿರಜ್ ತಂಬೂರಿ ಇದ್ದವರು ಅದನ್ನೇ ರೆಕಾರ್ಡ್ ಮಾಡಿ ಹಾಕಿಕೊಳ್ಳುವುದು ಲೇಸು.

ಹೊರಗಿನ ದನಿ ಹಾಕುವುದು ಸುಲಭ. ನಾನು ಪಕ್ಕದ ಮನೆಯ ಮಗ್ಗದ ದನಿ ಹಾಕಿದ್ದೇನೆ. ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು, ಎರಡನ್ನೂ ಫೋನಿನಲ್ಲಿ ಹಿಡಿದೆ. ಫೋನಿನ ಫೈಲನ್ನು ವೇವ್ ಫೈಲಾಗಿ ಬದಲಿಸಿಕೊಂಡೆ. ವಿಂಡೋಸ್‌ನವರಿಗೆ ಒಂದು ಮಾತು. ಫೈಲಿನ ದಾರಿ ಬರೆಯುವಾಗ ಹಿಂದಕ್ಕೆ ವಾಲಿದ ಗೆರೆ ಹಾಕಿದರೆ ಕೆಲವು ಸಲ ಫೈಲ್ ಸಿಗುವುದಿಲ್ಲ, ಮುಂದಕ್ಕೆ ವಾಲಿದ ಗೆರೆ ಹಾಕಿ. ಇದು ಗೊತ್ತಾಗಲು ನನಗೆ ಒಂದು ಭಾನುವಾರ ಹೋಯಿತು.

ಶಾಲೆಯಲ್ಲೂ ಬಳಸಿದೆ. ಲಸಾಅ ಪಾಠಕ್ಕೆ. ಮೂರು ಮಾತ್ರೆಗೊಮ್ಮೆ ನಾ, ನಾಲ್ಕು ಮಾತ್ರೆಗೊಮ್ಮೆ ಘೆ. ಎಲ್ಲಿ ಕೂಡುತ್ತವೆ ಕೈ ಎತ್ತಿ ಅಂದೆ. ಹನ್ನೆರಡು ಮಾತ್ರೆ ದಾಟಿದ ಕೂಡಲೇ ಮೊದಲ ಕೈ ಎದ್ದಿತು. ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂರುವ ಹುಡುಗನದು. ಆಮೇಲೆ ಆರು ಮತ್ತು ನಾಲ್ಕು ಹಾಕಿದಾಗ "ಟೀಚರ್ರೀ, ಇಪ್ಪತ್ನಾಕಕ್ಕ ಅಲ್ರಿ, ಹನ್ನೆರಡಕ್ಕ ಕೂಡತಾವ್ರಿ" ಅಂತ ಅವನೇ ಹೇಳಿದ. ಗುಣಿಸಿದರೆ ಸಾಲದು ಅನ್ನೋದು ಅವನಿಗೆ ಕಿವಿಯಿಂದ ಗೊತ್ತಾಯಿತು. ಗಣಿತದ ಶಿಕ್ಷಕರಿಗೆ ಇದಕ್ಕೋಸ್ಕರವಾದರೂ ಇದನ್ನು ಹಾಕಿಕೊಳ್ಳಿ ಅನ್ನುತ್ತೇನೆ.

ಬೇರೆ ಸಾಫ್ಟ್‌ವೇರುಗಳನ್ನೂ ಮುಟ್ಟಿ ನೋಡಿದೆ. ಮಿಲ್ಲರ್ ಪಕೆಟ್ ಅವರ ಪ್ಯೂರ್ ಡೇಟಾದಲ್ಲಿ ಬರೆಯುವುದಿಲ್ಲ, ಪೆಟ್ಟಿಗೆಗಳಿಗೆ ತಂತಿ ಎಳೆಯಬೇಕು. ದನಿಯನ್ನೇ ಬಿಚ್ಚಿ ಕಟ್ಟುವವರಿಗೆ ಚೆನ್ನ. ನನ್ನ 14 ಜೋಡಿಗೆ ತಂತಿ ಎಳೆದು ಪರದೆ ಜೇಡರ ಬಲೆಯಾಯಿತು. ಸ್ಟ್ರೂಡಲ್ ಬ್ರೌಸರಿನಲ್ಲೇ ಓಡುತ್ತದೆ, ಲ್ಯಾಪ್‌ಟಾಪ್ ಇಲ್ಲದ ಮಕ್ಕಳಿಗೆ ಫೋನಿನಲ್ಲಿ ತೋರಿಸಲು ಒಳ್ಳೆಯದು. ಆದರೆ ಅಲ್ಲಿ ಒಂದು ಸುತ್ತಿಗೆ ಇಷ್ಟು ಹೊತ್ತು ಅಂತ ಮೊದಲು ಹಿಡಿದು, ಒಳಗೆ ಹಂಚುತ್ತಾರೆ. ಸೋನಿಕ್ ಪೈಯಲ್ಲಿ ಒಂದೊಂದೇ ಮಾತ್ರೆ ಎಣಿಸುತ್ತ ಮುಂದೆ ಹೋಗುತ್ತೇವೆ. ತಬಲಾ ಕಲಿತ ಕೈಗೆ, ಛಂದಸ್ಸು ಓದಿದ ತಲೆಗೆ ಇದೇ ಹತ್ತಿರ.

ಶ್ರಾವಣದಲ್ಲಿ ಕೊನೆಯ ಪ್ರಯೋಗ ಮಾಡಿದೆ. ಪುಸ್ತಕದ 102 ಮಾತ್ರೆಯ ಪದ್ಯ ಎಡ ಕಿವಿಗೆ, ಅಜ್ಜನ 112 ಮಾತ್ರೆಯ ಪದ್ಯ ಬಲ ಕಿವಿಗೆ. ಎರಡಕ್ಕೂ ಬೀಜ 1934. ನಡುವೆ ತಂಬೂರಿ, ದೂರದಲ್ಲಿ ಮಗ್ಗ. ಎರಡೂ ಒಟ್ಟಿಗೆ ಹೊರಡುತ್ತವೆ, ಮೂರನೇ ಸಾಲಿಗೆ ಅಗಲುತ್ತವೆ. ಲಸಾಅ 5712. ಪುಸ್ತಕದ 56 ಪದ್ಯ, ಅಜ್ಜನ 51 ಪದ್ಯ ಮುಗಿದಾಗ ಒಟ್ಟಿಗೆ ಸಮ. 47 ನಿಮಿಷ 36 ಸೆಕೆಂಡ್. ಮೊದಲ ಸಲ 31ನೇ ನಿಮಿಷಕ್ಕೆ ಕರೆಂಟ್ ಹೋಯಿತು. ಹಳೇ ಬ್ಯಾಟರಿ ತಡೆಯಲಿಲ್ಲ. ಎರಡನೇ ಸಲ ಪೂರ್ತಿ ಓಡಿತು, ರೆಕಾರ್ಡ್ ಗುಂಡಿ ಒತ್ತಿ ಉಳಿಸಿಕೊಂಡೆ. ಅವ್ವ ಬಲ ಕಿವಿಯದನ್ನು ಮಾತ್ರ ಹಚ್ಚಿಕೊಂಡು ಪೂರ್ತಿ ಕೇಳಿದಳು.

ಈಗ ವಾರ್ಧಕ ಷಟ್ಪದಿ ಹಿಡಿದಿದ್ದೇನೆ. ಐದು ಮಾತ್ರೆಯ ಗಣಗಳು, ಪದ್ಯಕ್ಕೆ 144 ಮಾತ್ರೆ. ಐದೈದರ ನಡೆಗೆ ಹತ್ತು ಮಾತ್ರೆಯ ಝಪತಾಲ ಇಟ್ಟು ನೋಡಿದೆ. 14 ಸಲ ಹೋಗಿ ಇಲ್ಲೂ 4 ಉಳಿಯುತ್ತದೆ. ಉದ್ದ ಸಾಲಿನ ಕೊನೆಯಲ್ಲಿ ಮೂರು ಮೂರು ಮಾತ್ರೆ ಸೇರಿಸಿದರೆ 150, ಸರಿಯಾಗಿ ಹದಿನೈದು ಆವರ್ತನ. ಹಾಡುವವರು ನಿಜವಾಗಿ ಅಷ್ಟೇ ಎಳೆಯುತ್ತಾರಾ ಅಂತ ಕೇಳಬೇಕು. ವಾರ್ಧಕ ಓದುವ ಹಿರಿಯರೊಬ್ಬರು ಲಕ್ಷ್ಮೇಶ್ವರದಲ್ಲಿ ಇದ್ದಾರೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಅವರ ಮನೆಗೆ ಹೊರಟಿದ್ದೇನೆ.